ಅಳಿಸಿಯೂ ಉಳಿದ ಒಂದು ಪದ

ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತು ಎಂಬ ಮಾತು ನಮ್ಮಲ್ಲಿದೆ. ನಡೆಯದೇ ಹೋದದ್ದರ ಬಗ್ಗೆ ತಲೆ ಕೆಡಿಸಿಕೊಳ್ಳುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಗಾದೆ ಇಲ್ಲ. ಪತ್ರಿಕೋದ್ಯಮದ ತರಗತಿಯಲ್ಲೂ ನಮಗೆ ಹೇಳಿಕೊಟ್ಟದ್ದು ಇದನ್ನೇ: ಆದದ್ದನ್ನು ಬರೆಯಿರಿ, ಆಗಬಹುದಾಗಿದ್ದುದನ್ನು ಕತೆಗಾರರಿಗೆ ಬಿಡಿ. ಆದರೆ ಚರಿತ್ರೆಯಲ್ಲಿ ಅಪರೂಪಕ್ಕೊಮ್ಮೆ ಚಿಕ್ಕಮ್ಮನಿಗೆ ನಿಜವಾಗಿಯೇ ಮೀಸೆ ಮೂಡಿ, ಯಾರೋ ಅದನ್ನು ಅವಸರದಲ್ಲಿ ಬೋಳಿಸಿಬಿಟ್ಟ ಪ್ರಸಂಗಗಳೂ ಇರುತ್ತವೆ. ಅಂಥದ್ದೊಂದು 1870ರ ಜುಲೈ 4ರಂದು ವಾಷಿಂಗ್ಟನ್ನಿನಲ್ಲಿ ನಡೆಯಿತು.

ಸ್ವಾತಂತ್ರ್ಯ ದಿನವಾದರೂ ಅಂದು ಅಮೆರಿಕದ ಸೆನೆಟ್ ಸಭೆ ಸೇರಿತ್ತು. ಹೊರದೇಶದಿಂದ ಬಂದವರಿಗೆ ಪೌರತ್ವ ಕೊಡುವ ಕಾನೂನಿನಿಂದ ‘ಬಿಳಿಯ’ ಎಂಬ ಒಂದೇ ಒಂದು ಪದವನ್ನು ತೆಗೆದುಹಾಕಬೇಕೆಂಬ ಸೂಚನೆ ಮತಕ್ಕೆ ಬಂದು, ಕೆಲವೇ ಮತಗಳ ಅಂತರದಿಂದ ಗೆದ್ದಿತು. ಚರ್ಚೆ ಮುಗಿಯುವ ಮೊದಲೇ ಪಶ್ಚಿಮ ಕರಾವಳಿಯ ರಾಜ್ಯಗಳ ಸದಸ್ಯರು ಪಟ್ಟು ಹಿಡಿದು ಅದನ್ನು ಮತ್ತೆ ಮತಕ್ಕೆ ಹಾಕಿಸಿದರು. ಈ ಸಲ ಸೋತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಕಾನೂನಿನಿಂದ ಬಣ್ಣದ ಷರತ್ತು ಪೂರ್ತಿಯಾಗಿ ತೊಲಗಲು 1952ನೇ ಇಸವಿ ಬರಬೇಕಾಯಿತು. ಅಂದರೆ 82 ವರ್ಷ.

ಆ ಸಂಜೆ ಮೊದಲ ಮತವೇ ನಿಂತಿದ್ದರೆ? ಪ್ರಶ್ನೆ ಬರೀ ಕಾಲಹರಣದ್ದಲ್ಲ. ಈ ಒಂದು ಪದದ ಮೇಲೆ ಎಷ್ಟು ಮನೆಗಳು ನಿಂತಿದ್ದವು, ಎಷ್ಟು ಬಿದ್ದವು ಎಂದು ಲೆಕ್ಕ ಹಾಕಲು ಬೇರೆ ದಾರಿ ಇಲ್ಲ.

ಎರಡು ಬಾಗಿಲುಗಳು

ಯಾವುದೇ ದೇಶದ ಪೌರತ್ವಕ್ಕೆ ಸಾಮಾನ್ಯವಾಗಿ ಎರಡು ಬಾಗಿಲು. ಒಂದು ಹುಟ್ಟಿನದು, ಇನ್ನೊಂದು ಹೊರಗಿನಿಂದ ಬಂದು ನೆಲೆಸಿ ಅರ್ಜಿ ಹಾಕಿ ಪಡೆಯುವುದು. 1787ರಲ್ಲಿ ಬರೆದ ಅಮೆರಿಕದ ಸಂವಿಧಾನ ಎರಡನೆಯ ಬಾಗಿಲಿನ ಬಗ್ಗೆ ಹೇಳಿದ್ದು ಇಷ್ಟೇ: ದೇಶಕ್ಕೆಲ್ಲ ಒಂದೇ ಬಗೆಯ ನಿಯಮವನ್ನು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮಾಡಬಹುದು. ಅದರಲ್ಲಿ ಬಣ್ಣದ ಮಾತಿಲ್ಲ. ಬಣ್ಣ ಸೇರಿದ್ದು 1790ರ ಮಾರ್ಚ್‌ನಲ್ಲಿ, ಮೊದಲ ಕಾಂಗ್ರೆಸ್ ಮಾಡಿದ ಕಾನೂನಿನಲ್ಲಿ. ಎರಡು ವರ್ಷ ವಾಸವಿದ್ದ, ಒಳ್ಳೆಯ ನಡತೆಯ, ‘ಸ್ವತಂತ್ರ ಬಿಳಿಯ ವ್ಯಕ್ತಿ’ ಪೌರನಾಗಬಹುದು ಎಂದಿತು ಅದು. ವಾಸದ ಅವಧಿಯನ್ನು ಮುಂದೆ ಐದು ವರ್ಷಕ್ಕೆ, ಆಮೇಲೆ ಹದಿನಾಲ್ಕಕ್ಕೆ ಏರಿಸಿ, 1802ರಲ್ಲಿ ಮತ್ತೆ ಐದಕ್ಕೆ ಇಳಿಸಿದರು. ವರ್ಷಗಳ ಬಗ್ಗೆ ಇಷ್ಟೊಂದು ಜಗ್ಗಾಟ ನಡೆಸಿದವರು ‘ಬಿಳಿಯ’ ಎಂಬುದರ ತಂಟೆಗೆ ಹೋಗಲೇ ಇಲ್ಲ.

ಆ ಕಾಲದವರಿಗೆ ಬೇರೆ ರೀತಿ ಯೋಚಿಸಲು ಸಾಧ್ಯವೇ ಇರಲಿಲ್ಲ ಎಂದು ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಸಂವಿಧಾನ ಜಾರಿಗೆ ಬರುವ ಮುನ್ನವೇ ಮ್ಯಾಸಚೂಸೆಟ್ಸ್, ನ್ಯೂಯಾರ್ಕ್, ಉತ್ತರ ಕೆರೊಲಿನ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಸ್ವತಂತ್ರರಾಗಿದ್ದ ಕಪ್ಪು ಜನ ಮತ ಹಾಕುತ್ತಿದ್ದರು. 1857ರ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಟೇನಿ ಅವರು, ಆಫ್ರಿಕದ ಮೂಲದವರು ಅಮೆರಿಕದ ಪೌರರಾಗಲಾರರು ಎಂದು ತೀರ್ಪು ಬರೆದಾಗ, ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಕರ್ಟಿಸ್ ಎತ್ತಿ ತೋರಿಸಿದ್ದು ಇದೇ ಸಂಗತಿಯನ್ನು.

ಟೇನಿ ಅವರ ತೀರ್ಪನ್ನು ಅಳಿಸಲು ಅಂತರ್ಯುದ್ಧವೇ ಬೇಕಾಯಿತು. 1868ರ ಹದಿನಾಲ್ಕನೇ ತಿದ್ದುಪಡಿ ಮೊದಲ ಬಾಗಿಲನ್ನು ಅಗಲವಾಗಿ ತೆರೆಯಿತು: ಅಮೆರಿಕದ ನೆಲದಲ್ಲಿ ಹುಟ್ಟಿ ಅಲ್ಲಿನ ಕಾನೂನಿಗೆ ಒಳಪಟ್ಟವರೆಲ್ಲ ಪೌರರು. (ಅಲ್ಲಿನ ಮೂಲನಿವಾಸಿಗಳನ್ನು ಮಾತ್ರ ಈ ಮಾತಿನಿಂದಲೂ ಹೊರಗಿಟ್ಟರು. ಅವರೆಲ್ಲರಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ. ಅದು ಬೇರೆಯೇ ಒಂದು ಲೇಖನಕ್ಕೆ ಆಗುವ ಕತೆ.) ಎರಡನೆಯ ಬಾಗಿಲಿನ ಮೇಲೆ ‘ಬಿಳಿಯ’ ಎಂಬ ಹಲಗೆ ಹಾಗೆಯೇ ತೂಗುತ್ತಿತ್ತು.

1870ರಲ್ಲಿ ಆ ಹಲಗೆಗೆ ಕೈ ಹಾಕಿದವರು ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್. ಗುಲಾಮಗಿರಿಯ ವಿರುದ್ಧ ಮಾತನಾಡಿದ್ದಕ್ಕೆ 1856ರಲ್ಲಿ ಸೆನೆಟ್ಟಿನೊಳಗೇ ದಕ್ಷಿಣದ ಸಂಸದನೊಬ್ಬನಿಂದ ದೊಣ್ಣೆಯ ಪೆಟ್ಟು ತಿಂದು ವರ್ಷಗಟ್ಟಲೆ ನರಳಿದ ಮನುಷ್ಯ ಅವರು. ಹಟಕ್ಕೆ ಕೊರತೆ ಇರಲಿಲ್ಲ. ಸೆನೆಟ್ಟಿನ ಮುಂದಿದ್ದ ಮಸೂದೆ ನ್ಯೂಯಾರ್ಕಿನಂಥ ನಗರಗಳಲ್ಲಿ ಚುನಾವಣೆಗೆ ಮುನ್ನ ಸುಳ್ಳು ಪೌರತ್ವ ಪತ್ರ ಹಂಚುವ ಮೋಸವನ್ನು ತಡೆಯುವಂಥದ್ದು. ಸಮ್ನರ್ ಅದಕ್ಕೆ ತಮ್ಮ ತಿದ್ದುಪಡಿಯನ್ನು ಅಂಟಿಸಿದರು. ಎಲ್ಲ ಮನುಷ್ಯರೂ ಸಮಾನರು ಎಂಬ ಘೋಷಣೆಯ ವಾರ್ಷಿಕೋತ್ಸವದಂದೇ ಎಲ್ಲ ‘ಬಿಳಿಯ’ ಮನುಷ್ಯರು ಎಂದು ಓದುವುದು ಹೇಗೆ ಎಂಬುದು ಅವರ ವಾದದ ತಿರುಳು.

ವಿರೋಧದ ಮುಂಚೂಣಿಯಲ್ಲಿದ್ದವರು ನೆವಾಡದ ಸೆನೆಟರ್ ವಿಲಿಯಂ ಸ್ಟುವರ್ಟ್. ಸ್ವಾರಸ್ಯವೆಂದರೆ, ಬಣ್ಣದ ಕಾರಣಕ್ಕೆ ಮತದ ಹಕ್ಕನ್ನು ಕಸಿಯಬಾರದೆಂಬ ಹದಿನೈದನೇ ತಿದ್ದುಪಡಿಯನ್ನು ಸೆನೆಟ್ಟಿನಲ್ಲಿ ದಡ ಸೇರಿಸಿದವರೂ ಇವರೇ. ಅದು ಜಾರಿಗೆ ಬಂದು ಇನ್ನೂ ನಾಲ್ಕೈದು ತಿಂಗಳಾಗಿತ್ತಷ್ಟೇ. ಕಪ್ಪು ಜನರ ವಿಷಯದಲ್ಲಿ ಒಪ್ಪಿದ ಮನಸ್ಸು ಚೀನೀಯರ ವಿಷಯದಲ್ಲಿ ಒಪ್ಪಲಿಲ್ಲ. 1870ರಲ್ಲಿ ಅಮೆರಿಕದಲ್ಲಿದ್ದ ಚೀನೀಯರು ಸುಮಾರು 63 ಸಾವಿರ, ಬಹುಪಾಲು ಪಶ್ಚಿಮದಲ್ಲಿ. ಹಿಂದಿನ ವರ್ಷವಷ್ಟೇ ಪೂರ್ತಿಯಾದ, ಖಂಡವನ್ನು ಅಡ್ಡಲಾಗಿ ಸೀಳುವ ರೈಲುಮಾರ್ಗದ ಪಶ್ಚಿಮ ಭಾಗದಲ್ಲಿ ಗುಡ್ಡ ಒಡೆದವರಲ್ಲಿ ಅವರೇ ಹೆಚ್ಚು. ದುಡಿಯಲು ಬೇಕು, ಪೌರರಾಗುವುದು ಬೇಡ.

ಕೊನೆಗೆ ಆದದ್ದು ಒಂದು ವಿಚಿತ್ರ ರಾಜಿ. ‘ಬಿಳಿಯ’ ಪದವನ್ನು ಉಳಿಸಿಕೊಂಡು, ಪಕ್ಕದಲ್ಲಿ ಆಫ್ರಿಕದಲ್ಲಿ ಹುಟ್ಟಿದವರು ಹಾಗೂ ಆಫ್ರಿಕದ ಮೂಲದವರು ಎಂದು ಸೇರಿಸಿದರು. ಚೀನೀಯರನ್ನೂ ಸೇರಿಸಿ ಎಂಬ ಇನ್ನೊಂದು ಸೂಚನೆ ಬಿದ್ದುಹೋಯಿತು. ಅಧ್ಯಕ್ಷ ಗ್ರಾಂಟ್ ಜುಲೈ 14ರಂದು ಸಹಿ ಹಾಕಿದರು. ಬಿಳಿಯರಿಗೂ ಕಪ್ಪು ಜನರಿಗೂ ಬಾಗಿಲು ತೆರೆದು, ನಡುವಿನ ಬಣ್ಣದವರನ್ನೆಲ್ಲ ಹೊರಗೆ ನಿಲ್ಲಿಸಿದ ಕಾನೂನು ಇದು. ಏಷ್ಯದ ಜನ ಎಂದು ಹೆಸರಿಡಿದು ಹೇಳದೆಯೇ ಏಷ್ಯಕ್ಕೆ ಕದ ಹಾಕಿತು.

ಮತವಿಲ್ಲದವರ ಪಾಡು

ಈಗ ಮೊದಲ ಮತವೇ ನಿಂತಿತೆಂದು ಇಟ್ಟುಕೊಳ್ಳೋಣ. ಐದು ವರ್ಷ ವಾಸದ ನಿಯಮದಂತೆ 1870ರ ದಶಕದ ನಡುವಿಗೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕೆಲವು ಸಾವಿರ ಚೀನೀ ಮತದಾರರು ಇರುತ್ತಿದ್ದರು. ಇದರಿಂದ ಏನಾಗುತ್ತಿತ್ತು ಎಂಬುದಕ್ಕೆ 1880ರ ಅಧ್ಯಕ್ಷೀಯ ಚುನಾವಣೆ ಸುಳಿವು ಕೊಡುತ್ತದೆ. ಮತದಾನಕ್ಕೆ ಕೆಲವೇ ದಿನ ಮುಂಚೆ, ರಿಪಬ್ಲಿಕನ್ ಅಭ್ಯರ್ಥಿ ಗಾರ್ಫೀಲ್ಡ್ ಅವರು ಚೀನೀ ಕೂಲಿಗಳ ಪರವಾಗಿದ್ದಾರೆಂದು ತೋರಿಸುವ ಒಂದು ಪತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಪತ್ರ ಖೋಟಾ ಎಂದು ಗೊತ್ತಾಗುವಷ್ಟರಲ್ಲಿ ಹಾನಿ ಆಗಿತ್ತು. ಗಾರ್ಫೀಲ್ಡ್ ದೇಶದಲ್ಲಿ ಗೆದ್ದರೂ ಕ್ಯಾಲಿಫೋರ್ನಿಯದಲ್ಲಿ ಸೋತರು, ಅದೂ ಇನ್ನೂರಕ್ಕೂ ಕಡಿಮೆ ಮತಗಳ ಅಂತರದಲ್ಲಿ. ಇನ್ನೂರು ಮತಕ್ಕೆ ರಾಜ್ಯ ಕೈತಪ್ಪುವ ಕಡೆ ಕೆಲವು ಸಾವಿರ ಮತದಾರರನ್ನು ಬೈದು ಭಾಷಣ ಮಾಡುವ ಧೈರ್ಯ ಎಷ್ಟು ಮಂದಿಗೆ ಇರುತ್ತಿತ್ತು? ಐರಿಷ್ ವಲಸಿಗರನ್ನೂ ಅಮೆರಿಕದಲ್ಲಿ ಒಂದು ಕಾಲಕ್ಕೆ ಹೀನಾಯವಾಗಿ ಕಂಡಿದ್ದರು. ಆದರೆ ಅವರ ಕೈಯಲ್ಲಿ ಮತವಿತ್ತು. ಹೀಗಾಗಿ ಎರಡು ತಲೆಮಾರಿನೊಳಗೆ ನಗರಸಭೆಗಳು ಅವರ ಕೈಯಲ್ಲೂ ಇದ್ದವು. ಚೀನೀಯರ ಪಾಲಿಗೆ ಬಂದದ್ದು 1882ರ ಬಹಿಷ್ಕಾರ ಕಾನೂನು. ಚೀನೀ ಕೂಲಿಗಳ ಪ್ರವೇಶವನ್ನೇ ಅದು ನಿಲ್ಲಿಸಿತು. ಮೂರೇ ವರ್ಷದಲ್ಲಿ ವಯೊಮಿಂಗಿನ ರಾಕ್ ಸ್ಪ್ರಿಂಗ್ಸ್‌ನಲ್ಲಿ 28 ಚೀನೀ ಗಣಿ ಕಾರ್ಮಿಕರನ್ನು ಕೊಂದರು.

ಹಾಗೆಂದು ಆ ಒಂದು ಪದ ಹೋಗಿದ್ದರೆ ಸ್ವರ್ಗವೇ ಇಳಿಯುತ್ತಿತ್ತು ಎಂದುಕೊಳ್ಳುವುದೂ ತಪ್ಪು. 1879ರಲ್ಲಿ ಕ್ಯಾಲಿಫೋರ್ನಿಯ ಬರೆದುಕೊಂಡ ರಾಜ್ಯ ಸಂವಿಧಾನ, ಚೀನದಲ್ಲಿ ಹುಟ್ಟಿದವರು ಮತದಾರರಾಗುವಂತಿಲ್ಲ ಎಂದಿತು. ಹದಿನೈದನೇ ತಿದ್ದುಪಡಿ ಜನಾಂಗ, ಬಣ್ಣ, ಹಿಂದಿನ ಗುಲಾಮಗಿರಿ ಎಂದಷ್ಟೇ ಹೇಳುತ್ತದೆ. ಹುಟ್ಟಿದ ದೇಶವನ್ನು ಹೆಸರಿಸುವುದಿಲ್ಲ. ಹುಟ್ಟಿದ ದೇಶವನ್ನೂ ಸೇರಿಸಿದ್ದ ಒಂದು ಕರಡು 1869ರಲ್ಲೇ ಚರ್ಚೆಗೆ ಬಂದು ಬಿದ್ದುಹೋಗಿತ್ತು. ಆ ಸಂದಿಯಲ್ಲಿ ನುಗ್ಗಿ ಚೀನೀ ಪೌರರ ಮತ ಕಸಿಯಲು ಯತ್ನಿಸುವುದು ಸಾಧ್ಯವಿತ್ತು. ದಕ್ಷಿಣದಲ್ಲಿ ಕಪ್ಪು ಜನರಿಗೆ ಆದದ್ದೂ ಅದೇ ಅಲ್ಲವೇ? ಪೌರತ್ವ ಸಂವಿಧಾನದಲ್ಲಿತ್ತು, ಮತಗಟ್ಟೆಯಲ್ಲಿ ಓದುಬರಹದ ಪರೀಕ್ಷೆ, ತಲೆಗಂದಾಯ, ಹೊರಗೆ ಬಂದೂಕು. 1965ರವರೆಗೆ ಅದೇ ಸ್ಥಿತಿ. ಹಾಗೆಯೇ 1917ರಲ್ಲಿ ನಕಾಶೆಯ ಮೇಲೆ ಗೆರೆ ಎಳೆದು ಭಾರತವೂ ಸೇರಿದಂತೆ ಏಷ್ಯದ ಬಹುಭಾಗದಿಂದ ವಲಸೆ ನಿಷೇಧಿಸಿದಾಗ ಬಳಸಿದ್ದು ಭೂಗೋಳವನ್ನು. ಅದಕ್ಕೆ ‘ಬಿಳಿಯ’ ಪದದ ಹಂಗೇ ಬೇಕಿರಲಿಲ್ಲ.

ಆದರೆ ಒಳಗೆ ಬಂದಾಗಿದ್ದವರ ಗತಿ ಖಂಡಿತ ಬೇರೆಯಾಗುತ್ತಿತ್ತು. 1913ರಲ್ಲಿ ಕ್ಯಾಲಿಫೋರ್ನಿಯ ಮಾಡಿದ ಭೂಮಿ ಕಾನೂನು ‘ಪೌರತ್ವಕ್ಕೆ ಅನರ್ಹರಾದ ವಿದೇಶೀಯರು’ ಜಮೀನು ಕೊಳ್ಳುವಂತಿಲ್ಲ ಎಂದಿತು. ಅದರಲ್ಲಿ ಜಪಾನಿ ಎಂಬ ಪದವಿಲ್ಲ, ಭಾರತೀಯ ಎಂಬ ಪದವೂ ಇಲ್ಲ. ಅದರ ಹಿಡಿಕೆ ಇದ್ದದ್ದು 1870ರ ಕಾನೂನಿನಲ್ಲಿ. 1922ರ ಇನ್ನೊಂದು ಕಾನೂನು, ಅಂಥ ‘ಅನರ್ಹ’ನನ್ನು ಮದುವೆಯಾದ ಅಮೆರಿಕದ ಹೆಂಗಸಿನ ಪೌರತ್ವವನ್ನೂ ಕಿತ್ತುಕೊಂಡಿತು. 1924ರ ವಲಸೆ ಕಾನೂನು ಅನರ್ಹರಿಗೆ ಪ್ರವೇಶವನ್ನೇ ನಿರಾಕರಿಸಿತು. ಮೂರಕ್ಕೂ ಬೇರು ಒಂದೇ. ಬೇರು ಕಿತ್ತಿದ್ದರೆ ಈ ಮೂರನ್ನೂ ಬಾಯಿಬಿಟ್ಟು, ಜನಾಂಗದ ಹೆಸರಿಡಿದೇ ಬರೆಯಬೇಕಾಗುತ್ತಿತ್ತು. ನ್ಯಾಯಾಲಯದಲ್ಲಿ ಅವು ನಿಲ್ಲುವುದು ಅಷ್ಟು ಸುಲಭವಿರಲಿಲ್ಲ.

ಬಿಳಿಯ ಎಂದರೆ ಯಾರು?

ಈ ಪ್ರಶ್ನೆಯ ಮೇಲೆ 1878ರಿಂದ ಅಮೆರಿಕದ ನ್ಯಾಯಾಲಯಗಳು ಐವತ್ತಕ್ಕೂ ಹೆಚ್ಚು ಪ್ರಕರಣಗಳನ್ನು ತೀರ್ಮಾನಿಸಿದವು. ಸಿರಿಯದವರು, ಅರ್ಮೇನಿಯದವರು, ಪಾರ್ಸಿಗಳು, ಜಪಾನೀಯರು ಸರದಿಯಲ್ಲಿ ಬಂದು ತಾವು ಬಿಳಿಯರೆಂದು ವಾದಿಸಿದರು. ಕೆಲವರು ಗೆದ್ದರು, ಕೆಲವರು ಸೋತರು. ಕಾನೂನಿನಲ್ಲಿ ಆಫ್ರಿಕದ ಮೂಲದವರಿಗೂ ಬಾಗಿಲಿತ್ತಾದರೂ ಆ ಬಾಗಿಲಲ್ಲಿ ಹೋಗಲು ಹೆಚ್ಚುಕಡಿಮೆ ಯಾರೂ ಮನಸ್ಸು ಮಾಡಲಿಲ್ಲ ಎಂಬುದು ಗಮನಿಸಬೇಕಾದ್ದು.

1922ರ ನವೆಂಬರ್‌ನಲ್ಲಿ ಜಪಾನಿನ ತಕಾವೊ ಒಜಾವ ಅವರ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ತಿರಸ್ಕೃತವಾಯಿತು. ಇಪ್ಪತ್ತು ವರ್ಷ ಅಮೆರಿಕದ ನೆಲದಲ್ಲಿ ಬಾಳಿ, ಬರ್ಕ್ಲಿಯಲ್ಲಿ ಓದಿ, ಮನೆಯಲ್ಲೂ ಇಂಗ್ಲಿಷನ್ನೇ ಆಡುತ್ತಿದ್ದವರು ಅವರು. ಬಿಳಿಯ ಎಂದರೆ ಚರ್ಮದ ಬಣ್ಣವಲ್ಲ, ಕಕೇಸಿಯನ್ ಜನಾಂಗ ಎಂದಿತು ನ್ಯಾಯಾಲಯ. ಸರಿ, ಹಾಗಾದರೆ ಭಾರತೀಯರು? ಅಂದಿನ ಜನಾಂಗ ಶಾಸ್ತ್ರದ ಪುಸ್ತಕಗಳು ಉತ್ತರ ಭಾರತದವರನ್ನು ಕಕೇಸಿಯನ್ ಪಟ್ಟಿಯಲ್ಲೇ ಸೇರಿಸಿದ್ದವು. ಮೂರು ತಿಂಗಳ ನಂತರ, 1923ರ ಫೆಬ್ರುವರಿ 19ರಂದು, ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಅದೇ ನ್ಯಾಯಮೂರ್ತಿ ಸದರ್ಲ್ಯಾಂಡ್ ಅವರ ಲೇಖನಿಯಿಂದ, ಮಾತು ತಿರುಗಿಸಿತು: ಶಾಸ್ತ್ರ ಏನೇ ಹೇಳಲಿ, ಬಿಳಿಯ ಎಂದರೆ ಸಾಮಾನ್ಯ ಮನುಷ್ಯ ಬಿಳಿಯ ಎಂದುಕೊಳ್ಳುವವನು ಮಾತ್ರ. ನ್ಯಾಯಮೂರ್ತಿಗಳು ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದವರು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟಿದ್ದವರು. 1918ರಲ್ಲಿ ಸಿಕ್ಕಿದ ಪೌರತ್ವವನ್ನು ನಾಲ್ಕೇ ದಿನದಲ್ಲಿ ಹಿಂದಕ್ಕೆ ಪಡೆದಿದ್ದರು; 1920ರಲ್ಲಿ ಎರಡನೆಯ ಸಲ ಪಡೆದದ್ದೂ ಈ ತೀರ್ಪಿನಿಂದ ಹೋಯಿತು. ಅವರ ಮೇಲೆ ಮರುಕ ಹುಟ್ಟುವುದು ಸಹಜ. ಆದರೆ ಅವರ ಪರವಾಗಿ ಸಲ್ಲಿಸಿದ ವಾದವನ್ನು ಓದಿದಾಗ ನಮ್ಮ ಕಡೆಯವರಿಗೆ ಗಂಟಲಲ್ಲಿ ಮುಳ್ಳು ಸಿಕ್ಕಂತಾಗುತ್ತದೆ. ತಾನು ಮೇಲುಜಾತಿಯ ಶುದ್ಧ ಆರ್ಯ ರಕ್ತದವನು. ಮದುವೆಯ ವಿಷಯದಲ್ಲಿ ಅಮೆರಿಕದ ಬಿಳಿಯರು ನೀಗ್ರೋಗಳನ್ನು ಹೇಗೆ ದೂರವಿಡುತ್ತಾರೋ ಹಾಗೆಯೇ ನಾವು ಭಾರತದ ಮೂಲನಿವಾಸಿಗಳನ್ನು ದೂರವಿಡುತ್ತೇವೆ. ಅದು ವಾದದ ಸಾರ. ಜಾತಿಯನ್ನು ಬಿಳಿತನದ ಸರ್ಟಿಫಿಕೇಟಾಗಿ ಹಾಜರುಪಡಿಸಿದ್ದರು. ಸಿಖ್ಖರಾಗಿದ್ದ ಥಿಂಡ್ ಅವರನ್ನು ನ್ಯಾಯಾಲಯದ ಕಾಗದಗಳು ‘ಮೇಲುಜಾತಿಯ ಹಿಂದೂ’ ಎಂದೇ ಕರೆಯುತ್ತವೆ. ಆ ಕಾಲದ ಅಮೆರಿಕದಲ್ಲಿ ಭಾರತದಿಂದ ಬಂದವರೆಲ್ಲ, ಯಾವ ಧರ್ಮದವರಾದರೂ, ‘ಹಿಂದೂ’ಗಳೇ.

ನನ್ನ ಮಟ್ಟಿಗೆ, 1870ರ ಆ ಸೋಲು ತಂದ ದೊಡ್ಡ ಕೇಡು ಇದು. ಹಲಗೆ ಬಿದ್ದುಹೋಗಿದ್ದರೆ, ಬಾಗಿಲ ಮುಂದೆ ನಿಂತವರು ತಾವು ಪಕ್ಕದವನಿಗಿಂತ ಬೆಳ್ಳಗಿದ್ದೇವೆಂದು ಸಾಧಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಹಲಗೆ ಉಳಿದದ್ದರಿಂದ ಬಾಗಿಲು ಒಡೆಯುವುದಕ್ಕಿಂತ ಅದರೊಳಗೆ ನುಸುಳುವುದು ಜಾಣತನವಾಯಿತು. ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡವರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಒಬ್ಬರು. ಎರಡನೇ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ, ಬಿಳಿಯರ ಡಬ್ಬಿಯಿಂದ ಏಳುವಂತೆ ಟಿಕೆಟ್ ತಪಾಸಣೆಯವನು ಹೇಳಿದ. ಅವರು ಭಾರತದವರೆಂದು ತಿಳಿದ ಮೇಲೆ ಅವನ ಧಾಟಿ ಬದಲಾಯಿತು. ಆ ರಿಯಾಯಿತಿ ಕಮಲಾದೇವಿಯವರಿಗೆ ಬೇಕಿರಲಿಲ್ಲ. ತಾನೂ ಬಣ್ಣದ ಹೆಂಗಸೇ, ಆದರೆ ಇಲ್ಲಿಂದ ಏಳುವುದಿಲ್ಲ ಎಂದು ಕೂತೇ ಇದ್ದರು.

ಥಿಂಡ್ ತೀರ್ಪಿನ ಬೆನ್ನಿಗೇ ಸರ್ಕಾರ, ಆಗಲೇ ಪೌರತ್ವ ಪಡೆದಿದ್ದ ಭಾರತೀಯರ ಬೆನ್ನು ಹತ್ತಿತು. ಐವತ್ತಕ್ಕೂ ಹೆಚ್ಚು ಜನರ ಪೌರತ್ವ ರದ್ದಾಯಿತು. ಥಿಂಡ್ ಅವರ ವಕೀಲರಾಗಿದ್ದ ಸಖಾರಾಮ್ ಗಣೇಶ್ ಪಂಡಿತ್ ಮಾತ್ರ ತಮ್ಮ ಸ್ವಂತ ಪ್ರಕರಣವನ್ನು ಗೆದ್ದು ಪೌರತ್ವ ಉಳಿಸಿಕೊಂಡರು. ಪೇಶಾವರದಿಂದ 1915ರಲ್ಲಿ ಹೆಂಡತಿ ಹಾಗೂ ಮೂವರು ಗಂಡುಮಕ್ಕಳೊಂದಿಗೆ ಬಂದಿದ್ದ ವೈಷ್ಣೋ ದಾಸ್ ಬಾಗಾಯಿ ಅವರಿಗೆ ಆ ಅದೃಷ್ಟವಿರಲಿಲ್ಲ. ಬ್ರಿಟಿಷ್ ಪ್ರಜೆಯಾಗಿರಲು ಇಷ್ಟವಿಲ್ಲದೆ ದೇಶ ಬಿಟ್ಟಿದ್ದವರು ಅವರು. ಅಮೆರಿಕದ ಪೌರರಾಗಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟಿದ್ದರು. ಪೌರತ್ವ ಹೋಯಿತು, ಭೂಮಿ ಕಾನೂನಿನಿಂದಾಗಿ ಮನೆ ಮತ್ತು ಅಂಗಡಿ ಹೋದವು, ಊರಿಗೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟ್ ಸಿಗಲಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಿಕೊಳ್ಳಿ ಎಂಬ ಸಲಹೆ ಅವರಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರು ಬರೆದಿಟ್ಟ ಪತ್ರ ಸ್ಯಾನ್‌ಫ್ರಾನ್ಸಿಸ್ಕೊದ ಪತ್ರಿಕೆಯಲ್ಲಿ ಪ್ರಕಟವಾಯಿತು. ಪತ್ನಿ ಕಲಾ ಬಾಗಾಯಿ ಮಕ್ಕಳನ್ನು ಬೆಳೆಸಿ, 1946ರ ಕಾನೂನು ಬಂದ ಮೇಲೆ ಅಮೆರಿಕದ ಪೌರರಾದರು. ಈ ಕುಟುಂಬವನ್ನು ನೆರೆಯವರು ಒಂದು ಕಾಲಕ್ಕೆ ಮನೆಯೊಳಗೆ ಕಾಲಿಡಲು ಬಿಡದಿದ್ದ ಬರ್ಕ್ಲಿ ಪಟ್ಟಣದಲ್ಲಿ ಈಗ ಒಂದು ರಸ್ತೆಗೆ ಅವರ ಹೆಸರಿದೆ.

ನಷ್ಟವೂ ಒಂದಿತ್ತು

ಕಲ್ಪಿಸಿಕೊಂಡ ಈ ಚರಿತ್ರೆಯಲ್ಲಿ ಕಳೆದುಕೊಳ್ಳುವುದೂ ಒಂದಿದೆ. 1873ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಚೀನೀ ತಂದೆತಾಯಿಗಳಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್, 1895ರಲ್ಲಿ ಚೀನಕ್ಕೆ ಹೋಗಿ ಮರಳಿದಾಗ ಬಂದರಿನಲ್ಲೇ ತಡೆದರು. ತಂದೆತಾಯಿ ಎಂದೂ ಪೌರರಾಗಲಾರದವರು, ಮಗ ಹೇಗೆ ಪೌರ ಎಂಬುದು ಸರ್ಕಾರದ ತರ್ಕ. 1898ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಇಲ್ಲಿ ಹುಟ್ಟಿದವನು ಇಲ್ಲಿಯ ಪೌರನೇ ಎಂದಿತು. ‘ಬಿಳಿಯ’ ಪದ ಮೊದಲೇ ಹೋಗಿದ್ದರೆ ಈ ಮೊಕದ್ದಮೆಯೇ ಹುಟ್ಟದಿರುವ ಸಂಭವವಿತ್ತು, ತೀರ್ಪೂ ಇರುತ್ತಿರಲಿಲ್ಲ. 1965ರ ನಂತರ ಅಮೆರಿಕಕ್ಕೆ ಹೋದ ಕನ್ನಡಿಗರ ಅಲ್ಲಿ ಹುಟ್ಟಿದ ಮಕ್ಕಳೂ ಇದೇ ಆಸರೆಯಲ್ಲಿ ಪೌರರಾದವರು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್, ಅಕ್ರಮವಾಗಿ ನೆಲೆಸಿದವರ ಮತ್ತು ತಾತ್ಕಾಲಿಕ ವೀಸಾದ ಮೇಲೆ ಬಂದವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವ ಇಲ್ಲವೆಂದು ಆದೇಶ ಹೊರಡಿಸಿದಾಗ, ಅದನ್ನು ಪ್ರಶ್ನಿಸಿದ ವಕೀಲರು ಮೊದಲು ಕೈಗೆತ್ತಿಕೊಂಡದ್ದು ಈ ವಾಂಗ್ ಕಿಮ್ ಆರ್ಕ್ ತೀರ್ಪನ್ನೇ.

ಬಾಗಿಲು ನಿಜವಾಗಿ ತೆರೆದದ್ದು ಕಂತುಗಳಲ್ಲಿ, ಅದೂ ಯುದ್ಧದ ಒತ್ತಡದಿಂದ. ಜಪಾನಿನ ವಿರುದ್ಧ ಚೀನ ಮಿತ್ರನಾಗಿದ್ದರಿಂದ 1943ರಲ್ಲಿ ಚೀನೀಯರಿಗೆ, ವರ್ಷಕ್ಕೆ 105 ಜನರ ಪ್ರವೇಶದೊಂದಿಗೆ. 1946ರ ಜುಲೈ 2ರಂದು ಭಾರತೀಯರಿಗೆ ಮತ್ತು ಫಿಲಿಪೀನ್ಸ್‌ನವರಿಗೆ. ಭಾರತಕ್ಕೆ ವರ್ಷಕ್ಕೆ ನೂರು ಜನ. 1952ರಲ್ಲಿ ಉಳಿದ ಎಲ್ಲರಿಗೆ. ನಡುವೆ, ಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆಂದು 1935ರಲ್ಲಿ ಮಾಡಿದ ಕಾನೂನಿನ ಪ್ರಕಾರ ಥಿಂಡ್ ಅವರಿಗೆ ಮೂರನೆಯ ಸಲ ಪೌರತ್ವ ಸಿಕ್ಕಿತು. ಆ ಸಲ ಯಾರೂ ಕಿತ್ತುಕೊಳ್ಳಲಿಲ್ಲ.

ಇನ್ನು ದಲೀಪ್ ಸಿಂಗ್ ಸೌಂದ್. 1920ರಲ್ಲಿ ಓದಲು ಹೋಗಿ ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಪೌರತ್ವವಿಲ್ಲದ ಗಣಿತಜ್ಞರಿಗೆ ಸಿಕ್ಕಿದ ಕಸುಬು ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ. 1946ರ ಕಾನೂನಿಗಾಗಿ ಓಡಾಡಿ, 1949ರಲ್ಲಿ ಪೌರರಾದರು. ಮರುವರ್ಷವೇ ಸ್ಥಳೀಯ ನ್ಯಾಯಾಧೀಶರ ಚುನಾವಣೆ ಗೆದ್ದರು. ಪೌರರಾಗಿ ಒಂದು ವರ್ಷ ತುಂಬಿಲ್ಲವೆಂದು ಅದನ್ನು ರದ್ದು ಮಾಡಿದರು. 1952ರಲ್ಲಿ ಮತ್ತೆ ನಿಂತು ಗೆದ್ದರು. 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿಬಂದರು. ಏಷ್ಯದ ಮೂಲದವರಲ್ಲಿ ಅವರೇ ಮೊದಲಿಗರು. ಪೌರತ್ವ ಸಿಕ್ಕ ದಿನದಿಂದ ಅಲ್ಲಿಗೆ ತಲುಪಲು ಅವರಿಗೆ ಹಿಡಿದದ್ದು ಏಳು ವರ್ಷ. 1870ರ ಆ ಮೊದಲ ಮತ ನಿಂತಿದ್ದರೆ ಐದು ವರ್ಷದ ನಿಯಮದಂತೆ 1925ರಲ್ಲೇ ಅವರು ಪೌರರಾಗುತ್ತಿದ್ದರು. ಅದೇ ಲೆಕ್ಕದಲ್ಲಿ 1932ಕ್ಕೆ ಅಭ್ಯರ್ಥಿಯಾಗುತ್ತಿದ್ದರು. ಕಣಿವೆಯ ಮತದಾರರು ಆಗ ಅವರಿಗೆ ಮತ ಹಾಕುತ್ತಿದ್ದರೋ ಇಲ್ಲವೋ ಬೇರೆ ಮಾತು. ಮತಪತ್ರದಲ್ಲಿ ಹೆಸರಂತೂ ಇರಬಹುದಿತ್ತು.